ಕಾಕನಕೋಟೆಯ ರೀಲುಗಳು

1937ರ ‘ಎಲಿಫೆಂಟ್ ಬಾಯ್’ ಚಿತ್ರವನ್ನು ಕತೆಗಾಗಿ ನೋಡಿದರೆ ನಿರಾಸೆಯಾಗುತ್ತದೆ. ಕಿಪ್ಲಿಂಗನ ಸಣ್ಣ ಕತೆಯನ್ನು ಎಳೆದು ಉದ್ದ ಮಾಡಿದ್ದಾರೆ. ರಾಬರ್ಟ್ ಫ್ಲಾಹರ್ಟಿ ಮೈಸೂರು ಸೀಮೆಯ ಕಾಡಿನಲ್ಲಿ ಹಿಡಿದ ದೃಶ್ಯಗಳಿಗೂ ಜೋಲ್ಟನ್ ಕೋರ್ಡಾ ಇಂಗ್ಲೆಂಡಿನ ಡೆನ್ಹ್ಯಾಮ್ ಸ್ಟುಡಿಯೋದಲ್ಲಿ ತೆಗೆದ ಮಾತಿನ ದೃಶ್ಯಗಳಿಗೂ ಹೊಲಿಗೆ ಕೂಡಿಲ್ಲ. ಬೆಳಕೇ ಬೇರೆ, ಮರಗಳೇ ಬೇರೆ. ವೆನಿಸ್ ಚಿತ್ರೋತ್ಸವ ಇಬ್ಬರಿಗೂ ನಿರ್ದೇಶನದ ಪ್ರಶಸ್ತಿ ಕೊಟ್ಟಿತು, ನಿಜ. ಆದರೆ ಚಿತ್ರಕ್ಕೆ ಜೀವ ಬರುವುದು ಕತೆ ನಿಂತು ಆನೆ ನಡೆಯತೊಡಗಿದಾಗ. ಕಾರಾಪುರದ ಮಾವುತರ ಮನೆಯ ಹುಡುಗ ಸಾಬು, ಆನೆ ಐರಾವತನ ಜೊತೆ ಇರುವಾಗ ನಟಿಸುತ್ತಿಲ್ಲ, ಮನೆಯ ಕೆಲಸ ಮಾಡುತ್ತಿದ್ದಾನೆ.

ಆ ದೃಶ್ಯಗಳ ಬೆಲೆ ಈಗ ಇನ್ನಷ್ಟು ಏರಿದೆ. ಎಚ್.ಡಿ. ಕೋಟೆ ತಾಲ್ಲೂಕಿನ ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುವ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಬೆನ್ನಿಗೇ ಕಬಿನಿ ಅಣೆಕಟ್ಟು ಬಂತು, ಆ ಕಾಡಿನ ದೊಡ್ಡ ಪಾಲು ಹಿನ್ನೀರಿನಲ್ಲಿ ಮುಳುಗಿತು. ಖೆಡ್ಡಾದಲ್ಲಿ ಕಾಡಾನೆಗಳ ಹಿಂಡನ್ನು ಸದ್ದು, ಕೂಗು, ಬೆಂಕಿಯಿಂದ ಹೆದರಿಸಿ ಹೊಳೆಗೆ ಇಳಿಸಿ, ದಾಟಿಸಿ, ದಿಮ್ಮಿಗಳ ಆವರಣದೊಳಕ್ಕೆ ನೂಕುತ್ತಿದ್ದರು. ಆಮೇಲೆ ಪಳಗಿದ ಕುಮ್ಕಿ ಆನೆಗಳ ನಡುವೆ ಸಿಕ್ಕಿಸಿ ಹಗ್ಗ ಬಿಗಿಯುತ್ತಿದ್ದರು. ಅದು ಕ್ರೂರವಾದ ಪದ್ಧತಿ, ನಿಂತದ್ದು ಒಳ್ಳೆಯದೇ ಆಯಿತು. ಆದರೆ ಜೇನುಕುರುಬರೂ ಕಾಡುಕುರುಬರೂ ಜೀವ ಒತ್ತೆಯಿಟ್ಟು ತೋರಿಸಿದ ಆ ಕೌಶಲವನ್ನು ಕಣ್ಣಾರೆ ನೋಡಬೇಕೆಂದರೆ ಇಂದು ಫಿಲ್ಮ್ ಬಿಟ್ಟು ಬೇರೆ ದಾರಿಯಿಲ್ಲ.

ಸಾಬು ಮುಂದೆ ಅಮೆರಿಕಕ್ಕೆ ಹೋಗಿ, ಎರಡನೇ ಮಹಾಯುದ್ಧದಲ್ಲಿ ಬಿ-24 ಬಾಂಬರ್ ವಿಮಾನದ ಗನ್ನರ್ ಆಗಿ ಪೆಸಿಫಿಕ್ ಸಾಗರದ ಮೇಲೆ ಹಾರಿದ, ಶೌರ್ಯಪದಕವನ್ನೂ ಪಡೆದ. ಅದೇ ಸಾಗರದಲ್ಲಿ, ಅದೇ ಯುದ್ಧದಲ್ಲಿ ತಯಾರಾದ ಚಿತ್ರ 1944ರ ‘ದಿ ಫೈಟಿಂಗ್ ಲೇಡಿ’. ಯಾರ್ಕ್‌ಟೌನ್ ಎಂಬ ಅಮೆರಿಕದ ವಿಮಾನವಾಹಕ ಹಡಗಿನ ಮೇಲೆ ನೌಕಾಪಡೆಯ ಛಾಯಾಗ್ರಾಹಕರು ಅದನ್ನು 16 ಎಂಎಂ ಕೊಡಾಕ್ರೋಮ್ ಬಣ್ಣದ ಫಿಲ್ಮಿನಲ್ಲಿ ತೆಗೆದರು. ಅದರ ವ್ಯಾಖ್ಯಾನದಲ್ಲಿ ಯುದ್ಧಪ್ರಚಾರದ ಅಬ್ಬರ ಧಾರಾಳವಾಗಿದೆ. ಆದರೆ ಡೆಕ್ಕಿನ ಮೇಲೆ ವಿಮಾನ ಅಪ್ಪಳಿಸಿ ಇಳಿಯುವುದು, ಹುಡುಗರು ಓಡಿಬಂದು ಅದನ್ನು ಬದಿಗೆ ತಳ್ಳುವುದು ಇವೆಲ್ಲ ಬಣ್ಣ ಮಾಸದೆ ಉಳಿದಿವೆ. ಕತ್ತಲಲ್ಲಿ, ತಂಪಿನಲ್ಲಿ ಇಟ್ಟ ಕೊಡಾಕ್ರೋಮ್ ಬಲು ಕಾಲ ಬಾಳುತ್ತದೆ. ಅಮೆರಿಕನ್ನರು ಸಿದ್ಧಚಿತ್ರವನ್ನಷ್ಟೇ ಅಲ್ಲ, ನೌಕಾಪಡೆಯ ಕಚ್ಚಾ ರೀಲುಗಳನ್ನೂ ತಮ್ಮ ರಾಷ್ಟ್ರೀಯ ಪತ್ರಾಗಾರದಲ್ಲಿ ಕಾಪಿಟ್ಟಿದ್ದಾರೆ. ನನಗೆ ಹೆಚ್ಚು ಮೆಚ್ಚಿಗೆಯಾಗುವುದು ಈ ಎರಡನೆಯದು. ಸಂಕಲನಕಾರ ಬೇಡವೆಂದು ಬಿಟ್ಟದ್ದರಲ್ಲೇ ಚರಿತ್ರೆಗೆ ಬೇಕಾದ್ದು ಸಿಗುವುದುಂಟು.

ನಮ್ಮ ವಿಮಾನವಾಹಕ ಹಡಗು ವಿಕ್ರಾಂತ್ 1971ರ ಡಿಸೆಂಬರಿನ ಯುದ್ಧದಲ್ಲಿ ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ಸೀ ಹಾಕ್ ವಿಮಾನಗಳನ್ನು ಕಳಿಸಿತು. ಕೊನೆಯ ಖೆಡ್ಡಾ ನಡೆದದ್ದೂ ಅದೇ ವರ್ಷ. ಯಾರ್ಕ್‌ಟೌನ್ ಇಂದಿಗೂ ದಕ್ಷಿಣ ಕೆರೊಲಿನಾದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ವಿಕ್ರಾಂತನ್ನು 2014ರಲ್ಲಿ ಗುಜರಿಗೆ ಒಡೆಯಲು ಕೊಟ್ಟೆವು. ಆ ಹಡಗೂ ಇಲ್ಲದ ನಮಗೆ ಅದರ ಫಿಲ್ಮು ಅಮೆರಿಕನ್ನರಿಗಿಂತ ಹೆಚ್ಚು ಬೇಕು.

ಫಿಲ್ಮ್ ಕಾಪಿಡುವ ವಿಷಯದಲ್ಲಿ ನಮ್ಮ ದಾಖಲೆ ಚೆನ್ನಾಗಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಇಂದು ನೋಡಲು ಸಿಗುವುದಿಲ್ಲ. 2003ರಲ್ಲಿ ಪುಣೆಯ ಫಿಲ್ಮ್ ಉಗ್ರಾಣವೊಂದಕ್ಕೆ ಬೆಂಕಿ ಬಿದ್ದು ಹಳೆಯ ನೈಟ್ರೇಟ್ ರೀಲುಗಳು ಸುಟ್ಟುಹೋದವು. ನೈಟ್ರೇಟಿನ ನಂತರ ಬಂದ ಅಸಿಟೇಟ್ ಫಿಲ್ಮಿಗೆ ಸೆಕೆ, ತೇವ ತಾಕಿದರೆ ವಿನೆಗರ್ ವಾಸನೆ ಶುರುವಾಗುತ್ತದೆ, ರೀಲು ಕುಗ್ಗಿ ಸುರುಟುತ್ತದೆ, ಪಕ್ಕದ ಡಬ್ಬಿಗೂ ರೋಗ ಹತ್ತುತ್ತದೆ. ಮನೆಯ ಅಟ್ಟದಲ್ಲಿ ಯಾರಾದರೂ ಖೆಡ್ಡಾದ ರೀಲು ಇಟ್ಟಿದ್ದರೆ ಆ ವಾಸನೆಯೇ ಎಚ್ಚರಿಕೆ. ಸ್ಕ್ಯಾನ್ ಮಾಡಿಸಿದರೆ ಕೆಲಸ ಮುಗಿಯಿತೆಂದು ಮೂಲವನ್ನು ಎಸೆಯುವವರಿದ್ದಾರೆ. ದಯವಿಟ್ಟು ಎಸೆಯಬೇಡಿ. ನಾಳೆ ಇದಕ್ಕಿಂತ ಒಳ್ಳೆಯ ಸ್ಕ್ಯಾನರ್ ಬಂದಾಗ ಮತ್ತೆ ಬೇಕಾಗುವುದು ಆ ಮೂಲವೇ.

ರೀಲು ಉಳಿದರೂ ಹೆಸರು ಉಳಿಯದಿದ್ದರೆ ಸಂರಕ್ಷಣೆ ಅರ್ಧವೇ. ‘ಎಲಿಫೆಂಟ್ ಬಾಯ್’ ಸಾಬುವಿಗೆ ಜಗತ್ತಿನಲ್ಲೆಲ್ಲ ಹೆಸರು ತಂದಿತು. ಅವನ ಸುತ್ತ ಆನೆ ಅಟ್ಟಿದವರು ಯಾರು, ಯಾವ ಆದಿವಾಸಿ ಹಾಡಿಯವರು ಎಂಬುದು ಚಿತ್ರದಿಂದ ತಿಳಿಯುವುದಿಲ್ಲ. ಇವತ್ತಿನ ಕತೆಯೂ ಅದೇ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ದಸರಾ ಆನೆಗಳು ಹೊರಡುವಾಗ ನೂರಾರು ಮೊಬೈಲುಗಳು ಚಿತ್ರ ಹಿಡಿಯುತ್ತವೆ. ಆನೆಯ ಹೆಸರು ಎಲ್ಲರಿಗೂ ಗೊತ್ತು, ಮಾವುತನಿಗೆ ನೆರವಾಗುವ ಕಾವಾಡಿಯ ಹೆಸರನ್ನು ಕೇಳುವವರು ಕಡಿಮೆ. ಖೆಡ್ಡಾದ ಯಾವುದೇ ದೃಶ್ಯ ಸಿಕ್ಕರೂ ಅದರ ಮೊದಲ ಪ್ರದರ್ಶನ ನಡೆಯಬೇಕಾದದ್ದು ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳಲ್ಲಿ. ಹಿರಿಯರನ್ನು ಕೂರಿಸಿ, ಬೇಕಾದಲ್ಲಿ ಚಿತ್ರ ನಿಲ್ಲಿಸಿ, ಅವರು ಗುರುತಿಸಿದ ಮನುಷ್ಯ, ಆನೆ, ಜಾಗ ಎಲ್ಲವನ್ನೂ ಬರೆದುಕೊಳ್ಳಬೇಕು. 1971ರಲ್ಲಿ ಇಪ್ಪತ್ತು ತುಂಬಿದ್ದವರಿಗೆ ಈಗ ಎಪ್ಪತ್ತು ದಾಟಿದೆ.