ಉಬ್ಬು ನಕ್ಷೆಯಲ್ಲಿ ಬೆಟ್ಟವಿದೆ, ಕೆರೆ ಎಲ್ಲಿ?

ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಒಂದಾದರೂ ಮೂರು ಆಯಾಮದ ನಕ್ಷೆಯನ್ನು ನೀವು ನೋಡಿರುತ್ತೀರಿ. ಥರ್ಮಾಕೋಲ್ ಅಥವಾ ರಟ್ಟಿನ ಪದರಗಳನ್ನು ಒಂದರ ಮೇಲೊಂದು ಅಂಟಿಸಿ, ಬೆಟ್ಟಕ್ಕೆ ಕಂದು, ಬಯಲಿಗೆ ಹಸಿರು, ನದಿಗೆ ನೀಲಿ ಬಳಿದ ಮಾದರಿ ಅದು. ಈಗ ಅದರ ಪಕ್ಕದಲ್ಲಿ ಕಂಪ್ಯೂಟರ್ ಪರದೆಯೂ ಬಂದಿದೆ. ಮೌಸ್ ಎಳೆದರೆ ಬೆಟ್ಟಗಳು ಎದ್ದು ನಿಲ್ಲುತ್ತವೆ. ನೋಡಿದವರು ಮೆಚ್ಚುತ್ತಾರೆ, ಕೆಲವೊಮ್ಮೆ ಬಹುಮಾನವೂ ಬರುತ್ತದೆ. ಆದರೆ ಈ ನಕ್ಷೆ ನೆಲದ ಬಗ್ಗೆ ನಿಜ ಹೇಳುತ್ತಿದೆಯೇ ಎಂದು ಕೇಳುವವರು ಕಡಿಮೆ.

ಆ ಪ್ರಶ್ನೆಯನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳನ್ನು ಇಟ್ಟುಕೊಂಡು ಕೇಳೋಣ. ಮೂರು ಆಯಾಮದ ನಕ್ಷೆಗೆ ಇದಕ್ಕಿಂತ ಕಠಿಣ ಪರೀಕ್ಷೆ ಸಿಗುವುದು ಕಷ್ಟ. ಮೊಳಕಾಲ್ಮೂರಿನಲ್ಲಿ ನುಂಕೆಮಲೆ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರದಂಥ ಬಂಡೆಗಲ್ಲಿನ ಬೆಟ್ಟಗಳು ಬಯಲಿನಿಂದ ಥಟ್ಟನೆ ಏಳುತ್ತವೆ. ಚಳ್ಳಕೆರೆಯ ಕಡೆ ಮೈಲುಗಟ್ಟಲೆ ಬಯಲು, ಕಾವಲು, ಶೇಂಗಾ ಹೊಲ. ಇಸ್ರೋದ ಮರುಬಳಕೆಯ ರಾಕೆಟ್ ವಾಹನ 2023 ಮತ್ತು 2024ರಲ್ಲಿ ಮೂರು ಬಾರಿ ತಾನಾಗಿಯೇ ಬಂದಿಳಿದದ್ದು ಈ ಬಯಲಿನ ರನ್‌ವೇ ಮೇಲೆಯೇ. ಎದ್ದ ನೆಲ, ಚಪ್ಪಟೆ ನೆಲ ಎರಡನ್ನೂ ಒಂದೇ ಹಲಗೆಯ ಮೇಲೆ ತೋರಿಸಬೇಕಾದಾಗ ನಕ್ಷೆಗಾರನ ತೊಡಕು ಶುರುವಾಗುತ್ತದೆ.

ಎತ್ತರದ ಲೆಕ್ಕ

ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಹಾಳೆಯನ್ನೇ ಆಧಾರ ಮಾಡಿಕೊಳ್ಳಿ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ನೇರ ದೂರ ಸುಮಾರು 45 ಕಿಲೋಮೀಟರ್. ಮಾದರಿಯಲ್ಲಿ ಅದು 90 ಸೆಂಟಿಮೀಟರ್ ಆಗುತ್ತದೆ. ಬಯಲಿನಿಂದ 200 ಮೀಟರ್ ಎದ್ದ ಒಂದು ಬೆಟ್ಟವಿದೆ ಎನ್ನಿ. ಅದೇ ಪ್ರಮಾಣದಲ್ಲಿ ಅದರ ಎತ್ತರ ಎಷ್ಟು? ಕೇವಲ 4 ಮಿಲಿಮೀಟರ್. ನಾಲ್ಕೈದು ಹೆಜ್ಜೆ ದೂರ ನಿಂತವರಿಗೆ ಅದು ಕಾಣಿಸುವುದೇ ಅನುಮಾನ.

ಹೀಗಾಗಿ ಎತ್ತರವನ್ನು ಮಾತ್ರ ಹಿಗ್ಗಿಸುತ್ತಾರೆ. ಇದಕ್ಕೆ ಲಂಬ ಉತ್ಪ್ರೇಕ್ಷೆ ಎಂದು ಹೆಸರು. ಇದು ತಪ್ಪಲ್ಲ, ಅನೇಕ ಕಡೆ ಅನಿವಾರ್ಯ. ತಪ್ಪಾಗುವುದು ಅದನ್ನು ಲೆಕ್ಕವಿಲ್ಲದೆ ಮಾಡಿದಾಗ, ಮಾಡಿದ್ದನ್ನು ಹೇಳದೇ ಬಿಟ್ಟಾಗ. ಈ ಹಾಳೆಗಳಲ್ಲಿ ಸಮೋನ್ನತಿ ರೇಖೆಗಳ ಅಂತರ ಸಾಮಾನ್ಯವಾಗಿ 20 ಮೀಟರ್. 1:50,000ರಲ್ಲಿ ಅದು 0.4 ಮಿಲಿಮೀಟರ್. ವಿದ್ಯಾರ್ಥಿ ಪ್ರತಿ ರೇಖೆಗೂ 4 ಮಿಲಿಮೀಟರ್ ದಪ್ಪದ ಹಾಳೆ ಅಂಟಿಸಿದರೆ ತಿಳಿಯದೆಯೇ ಎತ್ತರವನ್ನು ಹತ್ತು ಪಟ್ಟು ಮಾಡಿರುತ್ತಾನೆ. ನಿಜವಾಗಿ 20 ಡಿಗ್ರಿ ಇಳಿಜಾರಿನ ಗುಡ್ಡದ ಮೈ ಆಗ 75 ಡಿಗ್ರಿಯ ಗೋಡೆಯಾಗುತ್ತದೆ. ಕುರಿ ಮೇಯಿಸುವವರು ದಿನವೂ ಹತ್ತಿ ಇಳಿಯುವ ಗುಡ್ಡ ನಕ್ಷೆಯಲ್ಲಿ ಹತ್ತಲಾಗದ ಕೋಟೆ! ಇಳಿಜಾರು ಕೂಡ ಹತ್ತು ಪಟ್ಟಾಗುತ್ತದೆ, ಆದರೆ ಕೋನ ಹಾಗಾಗುವುದಿಲ್ಲ ಎಂಬ ಪಾಠ ಇಲ್ಲೇ ಇದೆ. ಟ್ಯಾಂಜೆಂಟ್ ಕಲಿತ ಹತ್ತನೆಯ ತರಗತಿಯವರು ಈ ಲೆಕ್ಕವನ್ನು ತಾವೇ ಮಾಡಬಲ್ಲರು.

ಮರೆಯಾಗುವ ಕೆರೆ

ಇಷ್ಟೆಲ್ಲ ಹಿಗ್ಗಿಸಿದರೂ ಬಯಲಿನವರಿಗೆ ಬೇಕಾದದ್ದು ಕಾಣುವುದಿಲ್ಲ ಎಂಬುದೇ ಇಂಥ ಮಾದರಿಗಳ ದೊಡ್ಡ ದೋಷ. ಇದು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದು. ಇಲ್ಲಿ ಬದುಕು ನಿಂತಿರುವುದು ಬೆಟ್ಟದ ಎತ್ತರದ ಮೇಲಲ್ಲ, ನೆಲದ ಅಲ್ಪ ಇಳಿಜಾರಿನ ಮೇಲೆ. ಬಿದ್ದ ಮಳೆ ಯಾವ ಹಳ್ಳ ಹಿಡಿದು ಯಾವ ಕೆರೆ ಸೇರುತ್ತದೆ ಎಂಬುದು ಒಂದೆರಡು ಮೀಟರ್ ಏರುಪೇರಿನಲ್ಲಿ ತೀರ್ಮಾನವಾಗುತ್ತದೆ. ನಾಯಕನಹಟ್ಟಿಯ ಸುತ್ತ ತಿಪ್ಪೇರುದ್ರಸ್ವಾಮಿಗಳು ಕಟ್ಟಿಸಿದರೆಂದು ಜನ ನಂಬುವ ಕೆರೆಗಳನ್ನು ನೋಡಿ. ಇಂಥ ಕೆರೆಗಳನ್ನು ಕಟ್ಟಿದವರು ಆ ಏರುಪೇರನ್ನು ಕಣ್ಣಳತೆಯಲ್ಲೇ ಓದಿದವರು. ನಮ್ಮ ಮಾದರಿಯಲ್ಲಿ ಅದು ಎಲ್ಲಿದೆ? ನಾಲ್ಕೈದು ಮೀಟರ್ ಎತ್ತರದ ಕೆರೆ ಏರಿ 20 ಮೀಟರಿನ ಎರಡು ಸಮೋನ್ನತಿ ರೇಖೆಗಳ ನಡುವೆ ಕಳೆದುಹೋಗುತ್ತದೆ. ನೀಲಿ ಬಣ್ಣದ ಒಂದು ಚುಕ್ಕೆ ಅದರ ಜಾಗದಲ್ಲಿ ಕೂರುತ್ತದೆ.

ಉಪಗ್ರಹದ ಮಾಹಿತಿ ಬಳಸಿದರೆ ಈ ದೋಷ ಹೋಗುತ್ತದೆಯೇ? ಪೂರ್ತಿಯಾಗಿ ಇಲ್ಲ. 2005ರಲ್ಲಿ ಹಾರಿದ ನಮ್ಮ ಕಾರ್ಟೋಸ್ಯಾಟ್-1 ಒಂದೇ ಜಾಗವನ್ನು ಎರಡು ಕೋನಗಳಿಂದ ಚಿತ್ರಿಸಿ ಎತ್ತರ ಅಳೆಯಿತು. ಅದರಿಂದ ತಯಾರಾದ ಎತ್ತರದ ಮಾಹಿತಿ ಇಸ್ರೋದ ಭುವನ್ ತಾಣದಲ್ಲಿ ಸಿಗುತ್ತದೆ. ಆದರೆ ಸಾರ್ವಜನಿಕರಿಗೆ ಸಿಗುವ ಈ ಮಾಹಿತಿಯಲ್ಲಿ ಸುಮಾರು 30 ಮೀಟರಿಗೆ ಒಂದರಂತೆ ಎತ್ತರದ ಅಂಕಿ ಇರುತ್ತದೆ. ಕೆರೆ ಏರಿಯ ನೆತ್ತಿ ನಾಲ್ಕೈದು ಮೀಟರ್ ಅಗಲವಿದ್ದರೆ ಅದು ಈ ಜರಡಿಯಲ್ಲಿ ಸೋರಿಹೋಗುತ್ತದೆ. ಅಲ್ಲದೆ ಅಳತೆಯಲ್ಲೇ ಕೆಲವು ಮೀಟರ್ ದೋಷ ಇರಬಹುದು. ಬೆಟ್ಟಕ್ಕೆ ಅದು ಲೆಕ್ಕಕ್ಕಿಲ್ಲ; ಬಯಲಿನಲ್ಲಿ ಅದೇ ನೀರಿನ ದಿಕ್ಕನ್ನು ತಿರುಗಿಸಿ ತೋರಿಸಬಲ್ಲದು.

ಇದು ಬರೀ ಪುಸ್ತಕದ ಮಾತಲ್ಲ. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಆ ನೀರಿನ ದಾರಿ ವೇದಾವತಿ. ಅದು ಹಿರಿಯೂರು ದಾಟಿ ಚಳ್ಳಕೆರೆ ತಾಲ್ಲೂಕಿನ ಮೂಲಕ ಹರಿಯುವ ನದಿ. ಇಂಥ ಸಂದರ್ಭದಲ್ಲಿ ಯಾವ ಹೊಲಕ್ಕೆ ನೀರು ನುಗ್ಗುತ್ತದೆ, ಯಾವುದು ಉಳಿಯುತ್ತದೆ ಎಂಬುದನ್ನು ನಮ್ಮ ಸುಂದರ ಮಾದರಿ ಹೇಳಬಲ್ಲದೇ? ಹೇಳಲಾರದು. ಚೆಕ್ ಡ್ಯಾಮ್, ಕೃಷಿಹೊಂಡಗಳ ಜಾಗ ಗುರುತಿಸಲು ಅದನ್ನೇ ನಂಬಿದರೆ ಹೊಂಡ ಒಣಗಿಯೇ ಉಳಿಯಬಹುದು.

ಬಣ್ಣ ಮತ್ತು ಬೆಳಕು

ಹಸಿರನ್ನು ತಗ್ಗಿಗೂ ಕಂದನ್ನು ಎತ್ತರಕ್ಕೂ ಬಳಸುವುದು ಅಟ್ಲಾಸ್‌ಗಳ ಹಳೆಯ ರೂಢಿ. ಮಕ್ಕಳು ಮಾತ್ರ ಹಸಿರನ್ನು ಬೆಳೆ ಎಂದೇ ಓದುತ್ತಾರೆ. ಪರಶುರಾಂಪುರದ ಒಣ ಬಯಲು ಮಾದರಿಯಲ್ಲಿ ಭತ್ತದ ಗದ್ದೆಯಂತೆ ಕಂಗೊಳಿಸುತ್ತದೆ! ಹುಲ್ಲುಗಾವಲಾಗಿರುವ ಅಮೃತಮಹಲ್ ಕಾವಲುಗಳದು ಇದಕ್ಕೆ ತದ್ವಿರುದ್ಧ ಅವಸ್ಥೆ. ಉಬ್ಬಿಲ್ಲದ ಕಾರಣ ಅಲ್ಲಿ ಏನೂ ಇಲ್ಲವೆಂಬಂತೆ ಖಾಲಿ ಬಿಡುತ್ತಾರೆ. ದನಕರು, ಕುರಿಗಳನ್ನು ನಂಬಿದವರಿಗೆ ಅದು ಖಾಲಿ ಜಾಗವಲ್ಲ. ಎತ್ತರಕ್ಕೆ ತಿಳಿ ಹಳದಿಯಿಂದ ಕಂದಿನವರೆಗಿನ ಛಾಯೆ ಬಳಸಿ, ಹಸಿರನ್ನು ನಿಜವಾದ ಸಸ್ಯಗಳಿಗೆ ಮೀಸಲಿಡುವುದು ಲೇಸು.

ಪರದೆಯ ನಕ್ಷೆಯಲ್ಲಿ ಬೆಳಕಿನ ತೊಂದರೆ ಇದೆ. ನಮ್ಮ ಕಣ್ಣು ಬೆಳಕು ಮೇಲಿನಿಂದ ಬರುತ್ತದೆಂದು ಭಾವಿಸುತ್ತದೆ. ಅದಕ್ಕೇ ನಕ್ಷೆಗಾರರು ವಾಯವ್ಯದಿಂದ ಬೆಳಕು ಬಿದ್ದಂತೆ ನೆರಳು ಹಾಕುತ್ತಾರೆ. ಉಪಗ್ರಹ ಚಿತ್ರ ತೆಗೆಯುವುದು ಸಾಮಾನ್ಯವಾಗಿ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ. ಚಳಿಗಾಲದಲ್ಲಿ ಆಗ ಸೂರ್ಯ ಆಗ್ನೇಯದಲ್ಲಿರುತ್ತಾನೆ, ನೆರಳು ವಾಯವ್ಯಕ್ಕೆ ಬೀಳುತ್ತದೆ. ಉತ್ತರ ಮೇಲಿರುವಂತೆ ಆ ಚಿತ್ರ ನೋಡಿದರೆ ಬೆಟ್ಟ ಗುಂಡಿಯಂತೆ, ಕಣಿವೆ ದಿಣ್ಣೆಯಂತೆ ಕಾಣಬಹುದು. ಚಿತ್ರವನ್ನು ತಲೆಕೆಳಗೆ ಮಾಡಿ ನೋಡಿ, ಬೆಟ್ಟ ಮತ್ತೆ ಏಳುತ್ತದೆ.

ಓರೆಯಾಗಿ ನೋಡುವಾಗ ಇನ್ನೊಂದು ನಷ್ಟ ಆಗುತ್ತದೆ. ಮುಂದಿನದು ಹಿಂದಿನದನ್ನು ಮರೆಮಾಡುತ್ತದೆ. 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ ನೆಲ ಬ್ರಹ್ಮಗಿರಿಯ ಉತ್ತರ ಮಗ್ಗುಲಲ್ಲಿದೆ. ದಕ್ಷಿಣದಿಂದ ನೋಡುವಂತೆ ಪರದೆಯನ್ನು ನಿಲ್ಲಿಸಿದರೆ ಆ ಸ್ಥಳವೇ ಬೆಟ್ಟದ ಹಿಂದೆ ಅಡಗುತ್ತದೆ. ಹತ್ತಿರದ ಒಂದು ಸೆಂಟಿಮೀಟರೂ ದೂರದ ಒಂದು ಸೆಂಟಿಮೀಟರೂ ಬೇರೆಯಾಗುವುದರಿಂದ ಅಳತೆಗೂ ಈ ನೋಟ ಬಾರದು. ಮೂರು ಆಯಾಮದ ನೋಟದ ಪಕ್ಕದಲ್ಲಿ ಸಾದಾ ಚಪ್ಪಟೆ ನಕ್ಷೆ ಇರಲೇಬೇಕು ಎನ್ನುವುದು ಇದಕ್ಕಾಗಿ.

ಹಾಗಾದರೆ ಹೇಗೆ ಮಾಡಬೇಕು?

ಮೊದಲು ಪ್ರಶ್ನೆ ಆರಿಸಿ, ಆಮೇಲೆ ಪ್ರಮಾಣ. ಎರಡು ತಾಲ್ಲೂಕುಗಳನ್ನು ಒಂದೇ ಹಲಗೆಗೆ ತುರುಕುವ ಬದಲು ನಿಮ್ಮ ಊರಿನ ಒಂದು ಕೆರೆ ಮತ್ತು ಅದರ ಜಲಾನಯನ ಪ್ರದೇಶ ಸಾಕು. ಐದು ಕಿಲೋಮೀಟರ್ ಚೌಕವನ್ನು 1:5,000 ಪ್ರಮಾಣದಲ್ಲಿ ಮಾಡಿದರೆ ಒಂದು ಮೀಟರ್ ಹಲಗೆಯಾಯಿತು. ನೆಲ 200 ಮೀಟರಿಗೆ 1 ಮೀಟರಿನಂತೆ ಇಳಿದರೆ ಒಟ್ಟು ಇಳಿತ 25 ಮೀಟರ್, ಮಾದರಿಯಲ್ಲಿ 5 ಮಿಲಿಮೀಟರ್. ಐದು ಪಟ್ಟು ಹಿಗ್ಗಿಸಿದರೆ 25 ಮಿಲಿಮೀಟರ್. ಐದು ಮೀಟರಿನ ಏರಿಯೂ ಆಗ 5 ಮಿಲಿಮೀಟರ್ ಎದ್ದು ಕಾಣುತ್ತದೆ. ಬೆಟ್ಟದ ಮಾದರಿ ಬೇಕಿದ್ದರೆ ಅದನ್ನು ಬೇರೆಯಾಗಿ, ಕಡಿಮೆ ಉತ್ಪ್ರೇಕ್ಷೆಯಲ್ಲಿ ಮಾಡಿ.

ಈ ಪ್ರಮಾಣಕ್ಕೆ ಟೊಪೊ ಶೀಟಿನ ರೇಖೆಗಳು ಸಾಲುವುದಿಲ್ಲ. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ತೆಗೆದುಕೊಂಡು ಮಕ್ಕಳೊಂದಿಗೆ ಹೊಲಕ್ಕೆ ಹೋಗಿ. ಹಳ್ಳದ ಗುಂಟ, ಏರಿಯ ಮೇಲೆ, ಕೋಡಿಯ ಬಳಿ ಮಟ್ಟ ಅಳೆಯಿರಿ. ಹಳೆಯ ನೀರಿನ ದಾರಿಗಳನ್ನು ಊರಿನ ಹಿರಿಯರಿಂದ ಕೇಳಿ ಗುರುತಿಸಿ. ಪದರಗಳ ನಡುವಿನ ಮೆಟ್ಟಿಲುಗಳನ್ನು ಜೇಡಿಮಣ್ಣಿನಿಂದ ತುಂಬಿ ನುಣುಪು ಮಾಡಿ, ನೆಲ ಮೆಟ್ಟಿಲಾಗಿ ಇಳಿಯುವುದಿಲ್ಲವಲ್ಲ. ಒಣಗಿದ ಮೇಲೆ ನೀರು ಹೀರದಂತೆ ಬಣ್ಣ ಬಳಿಯಿರಿ. ಮೂಲೆಯಲ್ಲಿ ಉತ್ತರ ದಿಕ್ಕು, ಅಡ್ಡ ಪ್ರಮಾಣ, ಲಂಬ ಪ್ರಮಾಣ, ಉತ್ಪ್ರೇಕ್ಷೆ ಎಷ್ಟು ಪಟ್ಟು ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಕೊನೆಗೆ ಒಂದು ಪರೀಕ್ಷೆ. ಮುಂದಿನ ಬಾರಿ ನೀವು ತೀರ್ಪುಗಾರರಾಗಿ ಹೋದರೆ ಒಂದು ಲೋಟ ನೀರು ಕೇಳಿ ಪಡೆದು, ವಿದ್ಯಾರ್ಥಿಯ ಒಪ್ಪಿಗೆಯಿಂದ ಮಾದರಿಯ ಮೇಲ್ಭಾಗದಲ್ಲಿ ನಿಧಾನವಾಗಿ ಸುರಿಯಿರಿ. ನೀರು ಹಳ್ಳ ಹಿಡಿದು ಕೆರೆ ಸೇರಿದರೆ, ತುಂಬಿದ ಮೇಲೆ ಕೋಡಿಯಿಂದಲೇ ಹೊರಬಿದ್ದರೆ, ಬಣ್ಣ ಮಂಕಾಗಿದ್ದರೂ ಆ ನಕ್ಷೆಗೆ ಬಹುಮಾನ ಕೊಡಿ.