ಲಿಪಿಕಾರನೂ ಸಂಪಾದಕನೂ: ಕೈವಾರದ ಕೀರ್ತನೆಗಳ ಸ್ವರಲೇಖನ ವಿಚಾರ

ಹಾಡನ್ನು ಬರೆಹಕ್ಕೆ ಇಳಿಸುವಾಗ ಉಳಿಯುವುದೆಷ್ಟು, ಅಳಿಯುವುದೆಷ್ಟು ಎಂಬ ಪ್ರಶ್ನೆ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ಫ. ಗು. ಹಳಕಟ್ಟಿಯವರು ತಾಡವೋಲೆಗಳನ್ನು ಅರಸಿ ತಂದು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದಾಗ ನಮಗೆ ದೊರೆತದ್ದು ಶರಣರ ಮಾತು, ಅವರ ದನಿಯಲ್ಲ. ಸ್ವರವಚನಗಳ ತಲೆಯಲ್ಲಿ ರಾಗದ ಹೆಸರುಂಟು, ಆ ರಾಗ ಅಂದು ನಡೆದ ದಾರಿಯ ಗುರುತಿಲ್ಲ. ಮಲ್ಲಿಕಾರ್ಜುನ ಮನಸೂರರು ವಚನಗಳನ್ನು ಹಾಡಿ ನಮ್ಮನ್ನು ಧನ್ಯರನ್ನಾಗಿಸಿದರು. ಆದರೆ ಆ ಸಂಗೀತ ಇಪ್ಪತ್ತನೆಯ ಶತಮಾನದ್ದು, ಹನ್ನೆರಡನೆಯದಲ್ಲ. ಕಳೆದುಹೋದ ದನಿಯನ್ನು ಯಾವ ಸಂಪಾದಕನೂ ಮರಳಿ ತರಲಾರನು.

ಇನ್ನೂ ಕಳೆದುಹೋಗದ ದನಿಯೊಂದು ಚಿಂತಾಮಣಿ ತಾಲ್ಲೂಕಿನ ಕೈವಾರದ್ದು. ಯೋಗಿ ನಾರೇಯಣರು ತೆಲುಗು ಕನ್ನಡಗಳೆರಡರಲ್ಲಿಯೂ 'ಅಮರನಾರೇಯಣ' ಅಂಕಿತದಲ್ಲಿ ರಚಿಸಿದ ಪದಗಳು, 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ಭಜನೆಯವರ ಬಾಯಲ್ಲಿ ಇಂದಿಗೂ ನಿಂತಿವೆ. ಧ್ವನಿಮುದ್ರಣವನ್ನು ಗಣಕಯಂತ್ರಕ್ಕೊಪ್ಪಿಸಿ ಸ್ವರಲಿಪಿಯನ್ನು ಪಡೆಯುವ ವಿಧಾನವೂ ಇಂದು ಲಭ್ಯವಿದೆ. ಇದನ್ನು ಇಂಥ ಪದಗಳಿಗೆ ಅನ್ವಯಿಸಿದರೆ ಫಲವೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಯಂತ್ರದ ಕ್ರಮವನ್ನು ಮೊದಲು ತಿಳಿಯೋಣ. ಅದು ದನಿಯನ್ನು ಅತಿ ಸಣ್ಣ ಕಾಲಖಂಡಗಳಾಗಿ ವಿಭಾಗಿಸಿ, ಪ್ರತಿಯೊಂದರಲ್ಲಿಯೂ ಕಂಪನಸಂಖ್ಯೆ ಎಷ್ಟೆಂದು ಅಳೆಯುತ್ತದೆ. ಸೆಕೆಂಡಿಗೆ ನೂರು ಸಲ ಅಳೆದರೆ ಐದು ನಿಮಿಷದ ಕೀರ್ತನೆಗೆ 30,000 ಅಳತೆಗಳಾಗುತ್ತವೆ. ಷೆವೆನ್ಯೆ ಮತ್ತು ಕವಹರ ಎಂಬ ವಿದ್ವಾಂಸರು 2002ರಲ್ಲಿ ಪ್ರಕಟಿಸಿದ 'ಯಿನ್' ಎಂಬ ಕ್ರಮ ಈ ಬಗೆಯದು. ಅಳತೆಗಳನ್ನು ಸಾಲಾಗಿಟ್ಟರೆ ಏರಿಳಿಯುವ ಒಂದು ರೇಖೆ ಮೂಡುತ್ತದೆ. ಆಧಾರಷಡ್ಜ 140 ಕಂಪನವಾದರೆ ಪಂಚಮ 210, ತಾರಷಡ್ಜ 280. ಈ ಲೆಕ್ಕದಂತೆ ರೇಖೆಯನ್ನು ತುಂಡರಿಸಿ ಒಂದೊಂದು ತುಂಡಿಗೂ ಸ್ವರದ ಹೆಸರಿಡುವುದು ಕೊನೆಯ ಹಂತ. ಬಾರ್ಸಿಲೋನಾದಲ್ಲಿ 2011ರಲ್ಲಿ ಆರಂಭವಾದ 'ಕಾಂಪ್‌ಮ್ಯೂಸಿಕ್' ಯೋಜನೆ ಕರ್ನಾಟಕ ಸಂಗೀತವನ್ನೂ ಇಂಥ ಶೋಧನೆಗೆ ಒಳಪಡಿಸಿತು.

ರೇಖೆಯವರೆಗೆ ಯಂತ್ರದ ಕೆಲಸ ಶ್ಲಾಘ್ಯವೇ ಸರಿ. ತೊಡಕು ಇರುವುದು ಹೆಸರಿಡುವಲ್ಲಿ. ತೋಡಿಯ ಗಾಂಧಾರವನ್ನು ನೋಡಿರಿ: ಅದು ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗುತ್ತದೆ, ತನ್ನ ಸ್ಥಾನದಲ್ಲಿ ನಿಲ್ಲುವುದು ವಿರಳ. ಯಂತ್ರ 'ರಿ ಮ ರಿ ಮ' ಎಂದು ಬರೆದರೆ ಅಳತೆ ತಪ್ಪಲ್ಲ, ಅರ್ಥ ತಪ್ಪು. ಹಾಡಿದವನ ಮನಸ್ಸಿನಲ್ಲಿದ್ದುದು ಒಂದೇ ಗಾಂಧಾರ. ಸುಬ್ಬರಾಮ ದೀಕ್ಷಿತರು 1904ರಲ್ಲಿ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯನ್ನು ಪ್ರಕಟಿಸಿದಾಗ ಗಮಕಗಳಿಗೆ ಪ್ರತ್ಯೇಕ ಚಿಹ್ನೆಗಳನ್ನು ಬಳಸಿದ್ದು ಇದೇ ಕಾರಣದಿಂದ.

ಭಜನೆಯಲ್ಲಿ ತೊಡಕು ಇಮ್ಮಡಿಸುತ್ತದೆ. ಮುಂದಾಳು ಹಾಡಿದ ಸಾಲನ್ನು ಮೇಳ ಎತ್ತಿಕೊಳ್ಳುವಾಗ ಒಬ್ಬನು ಮುಂದು, ಒಬ್ಬನು ಹಿಂದು. ಜೊತೆಗೆ ಹಾರ್ಮೋನಿಯಂ, ತಾಳ, ಮೃದಂಗ. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವವರು ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲು ಮಾಡುತ್ತಾರೆ. ಯಂತ್ರಕ್ಕೆ ಒದಗುವುದು ಇದಕ್ಕೆ ವಿಪರೀತವಾದ ಕಾರ್ಯ: ಕೂಡಿದ ನೂಲಿನಿಂದ ಒಂದೊಂದು ಎಳೆಯನ್ನೂ ಹಿಂದಕ್ಕೆ ಬಿಡಿಸಬೇಕು. ಎಳೆ ಸಿಗದಾಗ ಅದು ಒಮ್ಮೊಮ್ಮೆ ಇಡೀ ಸ್ಥಾಯಿಯನ್ನೇ ತಪ್ಪಿ ಬರೆಯುವುದುಂಟು.

ಗೌರಿಬಿದನೂರಿನ ಬಳಿ 1965ರಿಂದ ಭೂಕಂಪನಗಳನ್ನು ದಾಖಲಿಸುವ ಕೇಂದ್ರವಿದೆ. ಅಲ್ಲಿ ಕಂಪನದ ರೇಖೆಯನ್ನು ಎಳೆಯುವುದು ಉಪಕರಣ. ಅದು ನಿಸರ್ಗದ ನಡುಕವೋ, ನೆಲದಡಿಯ ಸ್ಫೋಟವೋ ಎಂಬ ವಿವೇಚನೆ ಶಾಸ್ತ್ರಜ್ಞನದು. ಸ್ವರಲೇಖನದಲ್ಲಿಯೂ ಈ ವಿಭಾಗ ಅಳಿಸಿಹೋಗಬಾರದು.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಈ ಮಾತು ಸುಲಭವಾಗಿ ಹೊಳೆಯುತ್ತದೆ. ಓಲೆಯ ಲಿಪಿಕಾರನು ಕಂಡದ್ದನ್ನು ಬರೆದನು. ಅವನ ಶ್ರಮವಿಲ್ಲದೆ ನಮಗೆ ಗ್ರಂಥವಿಲ್ಲ. ಆದರೆ ಹಲವು ಪ್ರತಿಗಳನ್ನು ಹೋಲಿಸಿ, ಶುದ್ಧಪಾಠವನ್ನು ನಿರ್ಣಯಿಸಿ, ಪಾಠಾಂತರಗಳನ್ನು ಅಡಿಯಲ್ಲಿ ಕೊಟ್ಟವನು ಸಂಪಾದಕ. ಯಂತ್ರವು ದಣಿವರಿಯದ ಲಿಪಿಕಾರ. ಅದನ್ನು ಸಂಪಾದಕನ ಪೀಠದಲ್ಲಿ ಕೂರಿಸಿದರೆ ಅಪಾಯ. ಊರಿಂದೂರಿಗೆ ಭಜನೆಯ ಧಾಟಿ ಬದಲಾಗುವುದು ಸಹಜ. ಒಂದೇ ಧ್ವನಿಮುದ್ರಣದಿಂದ ಹೊರಟ ಸ್ವರಲಿಪಿ ಅಚ್ಚಾಗಿ ಶಾಲೆಗಳನ್ನು ಸೇರಿದರೆ ನಾಳೆ ಅದೇ ಶುದ್ಧಪಾಠವೆನಿಸಿ, ಮಿಕ್ಕ ಧಾಟಿಗಳು ಅಶುದ್ಧವೆನಿಸಿಕೊಳ್ಳುತ್ತವೆ. ಯಾರೂ ಬಯಸದೆ, ಯಾರೂ ಅರಿಯದೆ ನಡೆದುಹೋಗುವ ನಷ್ಟವಿದು. ಪುಸ್ತಕವಿಲ್ಲದೆ ಹಾಡಬಲ್ಲ ಹಿರಿಯರು ಕಣ್ಮರೆಯಾದ ಬಳಿಕ ತಿದ್ದುವವರೂ ಇರುವುದಿಲ್ಲ.

ಹಾಗೆಂದು ಯಂತ್ರವನ್ನು ದೂರವಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಮೂರನ್ನು ಒಟ್ಟಿಗೆ ಉಳಿಸಿದರೆ ಅದರಿಂದ ಮಹೋಪಕಾರವಾದೀತು: ಮೂಲ ಧ್ವನಿಮುದ್ರಣ, ಯಂತ್ರವೆಳೆದ ರೇಖೆ, ಸಂಪ್ರದಾಯವನ್ನು ಬಲ್ಲವರು ಆ ರೇಖೆಯನ್ನು ಓದಿ ಸಾಹಿತ್ಯದ ಅಕ್ಷರಕ್ಕೆ ಹೊಂದಿಸಿ ಬರೆದ ಸ್ವರಲಿಪಿ. ಬೇರೆ ಊರಿನ ಧಾಟಿಯನ್ನು ಊರಿನ ಹೆಸರಿನೊಡನೆ ಪಾಠಾಂತರವಾಗಿ ಕೊಡಬೇಕು. ತೆಲುಗು ಪದದ ಉಚ್ಚಾರಣೆ ಕನ್ನಡಿಗನ ಬಾಯಲ್ಲಿ ಎಲ್ಲಿ ಹಿಗ್ಗುತ್ತದೆ, ಎಲ್ಲಿ ಕುಗ್ಗುತ್ತದೆ ಎಂಬುದನ್ನೂ ಗುರುತಿಸಬೇಕು. ಸಂಗೀತ ಮತ್ತು ಸಾಹಿತ್ಯದ ವಿದ್ಯಾರ್ಥಿಗಳು ಹಿರಿಯರ ಬಳಿ ಕುಳಿತು ಮಾಡಬೇಕಾದ ಕಾರ್ಯವಿದು.

ವಚನಗಳ ದನಿಯನ್ನು ಉಳಿಸಿಕೊಳ್ಳುವ ಸಾಧನ ಹಿಂದಿನವರಿಗೆ ಇರಲಿಲ್ಲ. ಆ ನಷ್ಟಕ್ಕೆ ಅವರು ಹೊಣೆಗಾರರಲ್ಲ. ನಮಗೆ ಸಾಧನವಿದೆ, ಆದುದರಿಂದ ಹೊಣೆಯೂ ನಮ್ಮದೇ.