ಹುಡುಕು ಪೆಟ್ಟಿಗೆಯ ಹೊರಗುಳಿದ ಲೇಖನಗಳು

ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಗೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಲು ಬರುತ್ತವೆ. ಅವುಗಳ ಮೇಲೆ ಪ್ರಬಂಧ ಬರೆಯಹೊರಟ ಎಂ.ಎಸ್ಸಿ. ವಿದ್ಯಾರ್ಥಿಗೆ ಬೇಕಾದದ್ದು ಪುಸ್ತಕಗಳಲ್ಲಿ ಸಿಗುವುದು ಕಡಿಮೆ. ಗೂಡುಗಳ ಲೆಕ್ಕ, ನೀರು ಏರಿದ ವರ್ಷದ ಪಾಡು, ಇಂಥವನ್ನೆಲ್ಲ ನಿಯತಕಾಲಿಕಗಳ ಎರಡು ಮೂರು ಪುಟದ ಟಿಪ್ಪಣಿಗಳಲ್ಲೇ ಹುಡುಕಬೇಕು. ಗ್ರಂಥಾಲಯದ ಕ್ಯಾಟಲಾಗಾದರೋ ಪತ್ರಿಕೆಯ ಹೆಸರು, ಸಂಪುಟ, ಕಪಾಟಿನ ಸಂಖ್ಯೆ ಹೇಳಿ ಸುಮ್ಮನಾಗುತ್ತದೆ. ಒಳಗೆ ಯಾರು ಏನು ಬರೆದಿದ್ದಾರೆ ಎಂಬುದು ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಕ್ಯಾಟಲಾಗಿನ ಹುಡುಕು ಪೆಟ್ಟಿಗೆಯಲ್ಲೇ ಲೇಖನಗಳೂ ಸಿಗುವಂತೆ ಮಾಡುವ ಏರ್ಪಾಡನ್ನು ನಾನು ಮನಸಾರೆ ಒಪ್ಪುತ್ತೇನೆ. ಓದುಗನ ಸಮಯ ಉಳಿಸಬೇಕೆಂದು 1931ರಲ್ಲೇ ಸೂತ್ರ ಕಟ್ಟಿದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್, 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ (ಡಿ.ಆರ್.ಟಿ.ಸಿ.) ಆರಂಭಿಸಿದರು. ಲೇಖನದಂಥ ಸಣ್ಣ ಬರಹವನ್ನೂ ಓದುಗನಿಗೆ ತಲುಪಿಸುವುದು ಗ್ರಂಥಪಾಲಕನ ಕೆಲಸ ಎಂಬುದು ಅವರ ನಿಲುವಾಗಿತ್ತು. ಈಗ ಆ ಕೆಲಸವನ್ನು ಸಮ್ಮನ್, ಎಬ್‌ಸ್ಕೋ ಡಿಸ್ಕವರಿ ಸರ್ವಿಸ್‌ನಂಥ 'ಡಿಸ್ಕವರಿ' ವ್ಯವಸ್ಥೆಗಳು ಮಾಡುತ್ತಿವೆ. ಪ್ರಕಾಶಕರಿಂದ ಲೇಖನಗಳ ವಿವರಗಳನ್ನು ಮೊದಲೇ ತರಿಸಿ ಒಂದೇ ಸೂಚಿಯಲ್ಲಿ ಸೇರಿಸಿಡುವುದರಿಂದ ಉತ್ತರ ಕ್ಷಣದಲ್ಲಿ ಬರುತ್ತದೆ. 2025ರ ಜನವರಿಯಿಂದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಡಿ ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಮೂವತ್ತು ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ತೆರೆದುಕೊಂಡಿವೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟ ಮೇಲೆ, ಒಳಗಿನ ಲೇಖನ ಕಣ್ಣಿಗೆ ಬೀಳದಿದ್ದರೆ ಹೇಗೆ?

ಆದರೆ ಪುಸ್ತಕ, ಲೇಖನ ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸುವುದು ತಪ್ಪು. ಕೋಟಿಗಟ್ಟಲೆ ಲೇಖನಗಳ ನಡುವೆ, ಅದೇ ಕಟ್ಟಡದ ಕಪಾಟಿನಲ್ಲಿರುವ ಪುಸ್ತಕ ಎಷ್ಟನೆಯ ಪುಟಕ್ಕೆ ಜಾರುತ್ತದೋ ಹೇಳಲಾಗದು. ಎರಡನ್ನೂ ಅಕ್ಕಪಕ್ಕದ ಅಂಕಣಗಳಲ್ಲಿ ಬೇರೆಯಾಗಿ ತೋರಿಸುವ ಪದ್ಧತಿಯೇ ವಾಸಿ.

ಇದಕ್ಕಿಂತ ದೊಡ್ಡ ಕೊರತೆ ಕನ್ನಡದ್ದು. ಪ್ರಕಾಶಕರು ವಿವರ ಕೊಟ್ಟರೆ ತಾನೆ ಸೂಚಿಗೆ ಸೇರುವುದು! ಎ.ಆರ್. ಕೃಷ್ಣಶಾಸ್ತ್ರಿಗಳು ಹುಟ್ಟುಹಾಕಿದ 'ಪ್ರಬುದ್ಧ ಕರ್ನಾಟಕ', ಅಡಿಗರ 'ಸಾಕ್ಷಿ', ಮಂಡಗದ್ದೆಯಿರುವ ತೀರ್ಥಹಳ್ಳಿ ಸೀಮೆಯವರೇ ಆದ ಅನಂತಮೂರ್ತಿಯವರ 'ಋಜುವಾತು', ಇವುಗಳ ಹಳೆಯ ಸಂಚಿಕೆಗಳ ಲೇಖನಪಟ್ಟಿಯನ್ನು ಇಂಥ ವ್ಯವಸ್ಥೆ ನಡೆಸುವ ಕಂಪನಿಗೆ ಒದಗಿಸುವವರು ಯಾರು? ಒಂದು ಸಂಶೋಧನ ಲೇಖನ ಇಂಗ್ಲಿಷಿನಲ್ಲಿ ಬಂದರೆ ಸಿಗುವುದು, ಕನ್ನಡದಲ್ಲಿ ಬಂದರೆ ಸಿಗದಿರುವುದು ಎಂದಾದರೆ, ವಿದ್ಯಾರ್ಥಿ ಕನ್ನಡದಲ್ಲಿ ಯಾರೂ ಏನೂ ಬರೆದೇ ಇಲ್ಲವೆಂದು ನಂಬಿಬಿಡುತ್ತಾನೆ. ನನ್ನನ್ನು ಕಾಡುವುದು ಇದೇ. ಹಳೆಯ ಕ್ಯಾಟಲಾಗ್ ಕೊನೆಗೆ ಪತ್ರಿಕೆಯ ಕಟ್ಟನ್ನಾದರೂ ತೋರಿಸಿ ತಿರುವಿ ನೋಡಲು ಬಿಡುತ್ತಿತ್ತು. ಹೊಸದು ಎಲ್ಲವನ್ನೂ ಹುಡುಕಿದೆನೆಂಬ ಭರವಸೆ ಕೊಟ್ಟು ಆ ಕಟ್ಟಿನಿಂದ ದೂರ ಕಳಿಸುತ್ತದೆ.

ಕನ್ನಡ ಲೇಖನ ಗಣಕದಲ್ಲಿದ್ದರೂ ತೊಡಕು ತೀರದು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ ಪಿಡಿಎಫ್‌ಗಳು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳು. ಯುನಿಕೋಡಿನಲ್ಲಿದ್ದರೂ, ವಿಭಕ್ತಿ ಬಿಡಿಸಲು ಬಾರದ ಯಂತ್ರಕ್ಕೆ 'ಮಂಡಗದ್ದೆ' ಬೇರೆ, 'ಮಂಡಗದ್ದೆಯಲ್ಲಿ' ಬೇರೆ. 2014ಕ್ಕೆ ಮುಂಚಿನ ಇಂಗ್ಲಿಷ್ ಬರಹಗಳಲ್ಲಿ ಶಿವಮೊಗ್ಗ ಜಿಲ್ಲೆಯ ಹೆಸರು 'ಶಿಮೊಗ'. ಸಣ್ಣ ನೀರುಕಾಗೆ ಹಳೆಯ ಲೇಖನಗಳಲ್ಲಿ ಫಲಾಕ್ರೊಕೊರಾಕ್ಸ್, ಈಗ ಮೈಕ್ರೊಕಾರ್ಬೊ. ಈ ಹೆಸರುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ವಿಷಯ ಬಲ್ಲ ಗ್ರಂಥಪಾಲಕರದ್ದು.

ದಾರಿಯಿಲ್ಲವೆಂದಲ್ಲ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ ಕೋಹಾದಲ್ಲಿ ಪ್ರತಿ ಲೇಖನಕ್ಕೂ ಪ್ರತ್ಯೇಕ ದಾಖಲೆ ಬರೆದು ಅದನ್ನು ಮೂಲ ಪತ್ರಿಕೆಗೆ ಜೋಡಿಸಬಹುದು; ಗ್ರಂಥಾಲಯ ದಾಖಲೆಗಳಿಗೆ ಬಳಸುವ ಮಾರ್ಕ್ ನಮೂನೆಯ 773ನೆಯ ಕ್ಷೇತ್ರ ಇರುವುದೇ ಅದಕ್ಕೆ. ಒಬ್ಬರೇ ಮಾಡಿದರೆ ಮುಗಿಯದ ಕೆಲಸ ಇದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಮಲೆನಾಡಿನ ಪತ್ರಿಕೆಗಳನ್ನೂ, ಮೈಸೂರು 'ಪ್ರಬುದ್ಧ ಕರ್ನಾಟಕ'ವನ್ನೂ, ಧಾರವಾಡ ತನ್ನ ಭಾಗದ ಪತ್ರಿಕೆಗಳನ್ನೂ ಹಂಚಿಕೊಂಡು ದಾಖಲಿಸಿ, ಆ ದಾಖಲೆಗಳನ್ನು ಪರಸ್ಪರ ಮುಕ್ತವಾಗಿ ಕೊಡಬೇಕು. ಡಿಸ್ಕವರಿ ವ್ಯವಸ್ಥೆ ಕೊಳ್ಳುವ ವಿಶ್ವವಿದ್ಯಾಲಯ ಒಪ್ಪಂದದಲ್ಲೇ ಎರಡು ಷರತ್ತು ಬರೆಸಬೇಕು: ಗ್ರಂಥಾಲಯ ಸಿದ್ಧಪಡಿಸಿದ ಕನ್ನಡ ಲೇಖನಗಳ ದಾಖಲೆಗಳನ್ನು ಕಂಪನಿ ತನ್ನ ಸೂಚಿಗೆ ಸೇರಿಸಿಕೊಳ್ಳಬೇಕು, ಫಲಿತಾಂಶದ ಪುಟದಲ್ಲಿ, ಇನ್ನೂ ಸೂಚಿಗೆ ಸೇರದ ಪತ್ರಿಕೆಗಳ ಹೆಸರು ಮತ್ತು ಕಪಾಟಿನ ಸಂಖ್ಯೆ ಕಾಣಬೇಕು.